ಕಡಲು ಎಷ್ಟು ಮಾರು ಆಳ?

ಎರಡೂ ಕೈಗಳನ್ನು ಅಗಲಿಸಿ ಚಾಚಿದಾಗ ಸಿಗುವ ಉದ್ದಕ್ಕೆ ನಾವು ‘ಮಾರು’ ಎನ್ನುತ್ತೇವೆ; ಬಾವಿಯ ಹಗ್ಗವನ್ನು ಅಳೆಯುತ್ತಿದ್ದುದು ಹೀಗೆಯೇ. ಇಂಗ್ಲಿಷ್ ನಾವಿಕರ ಆರಡಿಯ ‘ಫ್ಯಾದಮ್’ ಕೂಡ ಮೂಲದಲ್ಲಿ ಇದೇ ಅಳತೆ. ಭೂಮಿಯ ಅತ್ಯಂತ ಆಳದ ಕಡಲ ತಾಣಕ್ಕೂ ಮೊದಲು ಇಳಿದದ್ದು ಮಾರಿನ ಲೆಕ್ಕದ ಹಗ್ಗವೇ.

1875ರ ಮಾರ್ಚ್ 23ರಂದು, ಪಶ್ಚಿಮ ಪೆಸಿಫಿಕ್‌ನ ಗುವಾಮ್ ದ್ವೀಪದ ನೈರುತ್ಯಕ್ಕೆ ಬ್ರಿಟನ್ನಿನ ‘ಚಾಲೆಂಜರ್’ ಹಡಗು ಭಾರ ಕಟ್ಟಿದ ಹಗ್ಗವನ್ನು ಇಳಿಬಿಟ್ಟಾಗ ಸಿಕ್ಕ ಆಳ 4,475 ಮಾರು, ಅಂದರೆ ಸುಮಾರು 8,184 ಮೀಟರ್. ಬಾವಿಯಲ್ಲಾದರೆ ಕೊಡ ತಳ ಮುಟ್ಟಿದ್ದು ಕೈಗೇ ತಿಳಿಯುತ್ತದೆ. ಎಂಟು ಕಿಲೋಮೀಟರ್ ಉದ್ದದ ಹಗ್ಗದಲ್ಲಿ ಹಾಗಾಗುವುದಿಲ್ಲ. ಭಾರ ತಳದಲ್ಲಿ ಕುಳಿತ ಮೇಲೂ ಹಗ್ಗ ತನ್ನ ತೂಕಕ್ಕೇ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಪ್ರತಿ ನೂರು ಮಾರು ಇಳಿಯಲು ಹಿಡಿದ ಹೊತ್ತನ್ನು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು. ಆ ಹೊತ್ತು ಥಟ್ಟನೆ ಹೆಚ್ಚಿದರೆ ತಳ ಸಿಕ್ಕಿತೆಂದು ಅರ್ಥ.

ಹಗ್ಗದ ಜಾಗಕ್ಕೆ ಮುಂದೆ ಶಬ್ದ ಬಂತು. ಕಡಲ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುವುದರಿಂದ, ಪ್ರತಿಧ್ವನಿ ಮರಳಲು ಹಿಡಿದ ಸಮಯದಿಂದಲೇ ಆಳವನ್ನು ಲೆಕ್ಕ ಹಾಕಬಹುದು. 1951ರಲ್ಲಿ ‘ಚಾಲೆಂಜರ್’ ಎಂಬ ಹೆಸರಿನದೇ ಇನ್ನೊಂದು ಹಡಗು ಗುವಾಮ್ ಬಳಿಯ ಮರಿಯಾನಾ ಕಂದಕದಲ್ಲಿ ಹೀಗೆ ಸುಮಾರು 10,900 ಮೀಟರ್ ಆಳವನ್ನು ಕಂಡುಕೊಂಡಿತು. ಆ ತಾಣಕ್ಕೆ ‘ಚಾಲೆಂಜರ್ ಡೀಪ್’ ಎಂಬ ಹೆಸರೇ ನಿಂತಿತು.

ಆದರೂ ಪುಸ್ತಕದಿಂದ ಪುಸ್ತಕಕ್ಕೆ ಅಂಕಿ ಬದಲಾಗುವುದನ್ನು ಓದುಗರು ಗಮನಿಸಿರಬಹುದು. ಇದು ಅಚ್ಚಿನ ತಪ್ಪಲ್ಲ. ನೀರಿನ ಉಷ್ಣತೆ, ಉಪ್ಪಿನಂಶ ಮತ್ತು ಒತ್ತಡಕ್ಕೆ ತಕ್ಕಂತೆ ಶಬ್ದದ ವೇಗವೂ ಬದಲಾಗುತ್ತದೆ. ಅದರ ಅಂದಾಜಿನಲ್ಲಿ ಶೇ. 1ರಷ್ಟು ತಪ್ಪಿದರೂ ಅಷ್ಟು ಆಳದಲ್ಲಿ ನೂರು ಮೀಟರ್‌ಗೂ ಮಿಕ್ಕಿ ವ್ಯತ್ಯಾಸ ಬೀಳುತ್ತದೆ. 2010ರ ಶಬ್ದಸಮೀಕ್ಷೆಯೊಂದು 10,994 ಮೀಟರ್ ಎಂದಿತು. ತಳಕ್ಕಿಳಿದ ಉಪಕರಣಗಳು ದಾಖಲಿಸಿದ ಒತ್ತಡದಿಂದ ಹಾಕಿದ ಲೆಕ್ಕ 2021ರಲ್ಲಿ 10,935 ಮೀಟರ್ ಎಂದಿತು. ನನಗೆ ಎರಡನೆಯದೇ ಹೆಚ್ಚು ನೆಚ್ಚತಕ್ಕದ್ದೆನಿಸುತ್ತದೆ.

ಇಂಥ ಕಂದಕಗಳು ಅಪವಾದ. ಸಾಗರಗಳ ಸರಾಸರಿ ಆಳ ಸುಮಾರು 3,700 ಮೀಟರ್. ಬಾಲ್ಟಿಕ್ ಸಮುದ್ರದ ಸರಾಸರಿ ಕೇವಲ 55 ಮೀಟರ್‌ನಷ್ಟು. ನಮ್ಮ ಕರಾವಳಿಯಿಂದಾಚೆಗೂ ಹತ್ತಾರು ಕಿಲೋಮೀಟರ್‌ವರೆಗೆ ತಳ 200 ಮೀಟರ್‌ಗಿಂತ ಕಡಿಮೆ ಆಳದಲ್ಲೇ ಇದ್ದು, ಅನಂತರ ಜಾರುತ್ತ ಅರಬ್ಬೀ ಸಮುದ್ರದ ಆಳಕ್ಕೆ ಇಳಿಯುತ್ತದೆ.

ಜಗತ್ತಿನ ಕಡಲತಳದಲ್ಲಿ ಶಬ್ದದಿಂದ ವಿವರವಾಗಿ ಅಳೆದಿರುವುದು ಇಂದಿಗೂ ಸುಮಾರು ಕಾಲುಭಾಗ ಮಾತ್ರ. ಉಳಿದೆಡೆ ಹೆಚ್ಚಾಗಿ ಉಪಗ್ರಹದ ಅಂದಾಜನ್ನೇ ನಂಬಬೇಕು: ಮುಳುಗಿದ ಬೆಟ್ಟದ ಗುರುತ್ವಕ್ಕೆ ಮೇಲಿನ ನೀರು ತುಸು ಉಬ್ಬಿರುತ್ತದೆ, ಉಪಗ್ರಹ ಆ ಉಬ್ಬನ್ನು ಅಳೆಯುತ್ತದೆ. ಸಣ್ಣಪುಟ್ಟ ಬೆಟ್ಟಗಳು ಅದರ ಕಣ್ಣಿಗೆ ಬೀಳುವುದಿಲ್ಲ. 2005ರ ಜನವರಿ 8ರಂದು, ಗುವಾಮ್‌ನ ದಕ್ಷಿಣಕ್ಕೆ ಅಮೆರಿಕದ ‘ಸ್ಯಾನ್ ಫ್ರಾನ್ಸಿಸ್ಕೊ’ ಎಂಬ ಅಣುಶಕ್ತಿಯ ಜಲಾಂತರ್ಗಾಮಿಯು ಪೂರ್ಣ ವೇಗದಲ್ಲಿ ಹೋಗಿ ಮುಳುಗಿದ ಬೆಟ್ಟವೊಂದಕ್ಕೆ ಅಪ್ಪಳಿಸಿತು. ಒಬ್ಬ ನಾವಿಕ ಸತ್ತ. ನಾವಿಕರು ಬಳಸುತ್ತಿದ್ದ ನಕ್ಷೆಯಲ್ಲಿ ಆ ಬೆಟ್ಟ ಇರಲೇ ಇಲ್ಲ.