ಕ್ರಿಶ್ಚಿಯನ್ ಶಾಲೆಯವರು ನಿಜವಾಗಿ ನಂಬುವುದೇನು? (ಇಂಗ್ಲಿಷನ್ನಂತೂ ಅಲ್ಲ)

ಪ್ರಶ್ನೆ: ಸರ್, ನಮ್ಮದು ಮದ್ದೂರು ಹತ್ತಿರದ ಹಳ್ಳಿ. ಮಗಳನ್ನು ಮೈಸೂರಿನ ಒಂದು ಕ್ರಿಶ್ಚಿಯನ್ ಶಾಲೆಗೆ ಸೇರಿಸೋಣ ಅಂತಿದ್ದೇವೆ. ಅವಳ ಸೋದರತ್ತೆ ಮನೆ ಅಲ್ಲೇ ಇದೆ. ಅರ್ಜಿಯ ಜೊತೆ ‘ನಮ್ಮ ಶಿಕ್ಷಣ ತತ್ವ ಮತ್ತು ಮೂಲ ನಂಬಿಕೆಗಳು’ ಅಂತ ಎರಡು ಹಾಳೆ ಕೊಟ್ಟು, ಓದಿ ಸಹಿ ಹಾಕಿ ಅಂದಿದ್ದಾರೆ. ಎಲ್ಲಾ ದೇವರು, ಪ್ರೀತಿ, ಸೇವೆ ಅಂತಲೇ ಇದೆ. ಇಂಗ್ಲಿಷ್ ಬಗ್ಗೆ ಒಂದು ಸಾಲೂ ಇಲ್ಲ. ಇವರ ತತ್ವ ನಿಜಕ್ಕೂ ಏನು?

ಉತ್ತರ: ಅರ್ಜಿ ಕೊಡುವ ಕಾಲ ಬಂತೆಂದರೆ ಈ ಪ್ರಶ್ನೆಯೂ ಬಂತು. ಪಾಂಡವಪುರದಿಂದ ಒಬ್ಬರು, ನಂಜನಗೂಡಿನಿಂದ ಒಬ್ಬರು, ಕೇಳುವ ಧಾಟಿ ಮಾತ್ರ ಬೇರೆ ಬೇರೆ. ಮಿಷನ್ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿ ದುಡಿದು ನಿವೃತ್ತನಾದವನು ನಾನು. ಮನೆಯಲ್ಲಿ ಸತ್ಯನಾರಾಯಣ ಪೂಜೆ, ಶಾಲೆಯಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’; ಎರಡಕ್ಕೂ ಯಾವತ್ತೂ ಜಗಳ ಆಗಲಿಲ್ಲ. ಹಾಗಾಗಿ ಈ ಪ್ರಶ್ನೆ ನನ್ನ ಪಾಲಿಗೇ ಬೀಳುತ್ತದೆ.

ನಿಮ್ಮ ಕೈಯಲ್ಲಿರುವ ಹಾಳೆಯನ್ನೇ ಹಿಡಿದು ಹೇಳುತ್ತೇನೆ. ಮೊದಲ ಪ್ಯಾರಾದಲ್ಲಿ ಪ್ರತಿ ಮಗುವೂ ದೇವರ ಸ್ವರೂಪದಲ್ಲಿ ಸೃಷ್ಟಿಯಾದದ್ದು ಎಂಬಂಥ ಮಾತು ಇರಬೇಕು. ಅದು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಮೊದಲ ಅಧ್ಯಾಯದ್ದು. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಮಗುವಿನ ಬೆಲೆ ಅಂಕಪಟ್ಟಿಯಿಂದ ಬರುವುದಿಲ್ಲ, ಶಾಲೆಗೆ ಕಾಲಿಡುವ ಮೊದಲೇ ಬಂದಿರುತ್ತದೆ ಎಂಬುದು ಅದರ ತಾತ್ಪರ್ಯ. ಕೊನೆ ಬೆಂಚಿನ ಹುಡುಗನನ್ನು ‘ದಡ್ಡ’ ಅನ್ನುವ ಕ್ರೈಸ್ತ ಶಾಲೆಯ ಮೇಷ್ಟ್ರು ತನ್ನದೇ ಶಾಲೆಯ ತತ್ವವನ್ನು ಮುರಿಯುತ್ತಾನೆ. ಮುರಿಯುವವರು ಇಲ್ಲವೆಂದಲ್ಲ, ಬೇಕಾದಷ್ಟು ಜನ ಇದ್ದಾರೆ.

ಆಮೇಲೆ ದೇವರ ಭಯವೇ ಜ್ಞಾನದ ಮೂಲ ಎಂಬ, ಬೈಬಲಿನ ಜ್ಞಾನೋಕ್ತಿ ಎಂಬ ಪುಸ್ತಕದ ಮಾತು. ಇದನ್ನು ಓದಿ ಹೆದರಬೇಡಿ, ವಿಜ್ಞಾನ ಬಿಟ್ಟು ಭಜನೆ ಕಲಿಸುತ್ತಾರೆ ಅಂತಲ್ಲ. ಲೋಕವನ್ನು ಮಾಡಿದವನು ಒಬ್ಬನೇ ಆದ್ದರಿಂದ ಗಣಿತದಲ್ಲಿ ಸಿಗುವ ಸತ್ಯವೂ ಅವನದೇ, ಅದನ್ನು ಅಸಡ್ಡೆಯಿಂದ ಕಲಿಯಬಾರದು ಅಂತ. ಯೇಸು ಬಾಲಕನಾಗಿದ್ದಾಗ ಜ್ಞಾನದಲ್ಲೂ ದೇಹದಲ್ಲೂ ಬೆಳೆದ, ದೇವರ ದಯೆಯನ್ನೂ ಜನರ ಪ್ರೀತಿಯನ್ನೂ ಗಳಿಸಿದ ಅಂತ ಲೂಕನ ಸುವಾರ್ತೆಯಲ್ಲಿ ಒಂದು ವಾಕ್ಯವಿದೆ. ಆಟದ ಪಿರಿಯಡ್ಡು, ನೀತಿಪಾಠ, ವೃದ್ಧಾಶ್ರಮಕ್ಕೆ ಭೇಟಿ, ಇವಕ್ಕೆಲ್ಲ ಬಹಳ ಶಾಲೆಗಳು ಈ ಒಂದು ವಾಕ್ಯವನ್ನೇ ಆಧಾರ ಮಾಡಿಕೊಂಡಿವೆ. ಇನ್ನು ಮಕ್ಕಳ ಮೊದಲ ಗುರು ತಂದೆತಾಯಿ, ಶಾಲೆ ಅವರ ಸಹಾಯಕ್ಕೆ ಮಾತ್ರ ಎಂಬ ಮಾತು. ಕ್ಯಾಥೊಲಿಕರ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲೇ ಅದು ಇದೆ. ಪೋಷಕರ ಸಭೆಗೆ ಚಕ್ಕರ್ ಹೊಡೆಯುವ ಅಪ್ಪಂದಿರು ಗಮನಿಸಿ.

ಮತಾಂತರದ ವಿಷಯ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಅಜ್ಜಿ ಕೇಳಿಯೇ ಕೇಳಿರುತ್ತಾರೆ. ಸಂವಿಧಾನದ 28ನೇ ವಿಧಿಯ 3ನೇ ಉಪವಿಧಿ ಸ್ಪಷ್ಟವಾಗಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ. ಶಾಲೆ ನಡೆಸುವ ಹಕ್ಕನ್ನು ಅವರಿಗೆ ಕೊಟ್ಟ 30ನೇ ವಿಧಿ ಅದೇ ಪುಸ್ತಕದ ಮುಂದಿನ ಪುಟಗಳಲ್ಲಿದೆ. ಇತ್ತ ಕ್ಯಾಥೊಲಿಕ್ ಚರ್ಚಿನ 1983ರ ಕಾನೂನು ಸಂಹಿತೆಯ ಪ್ರಕಾರವೂ ಎಳೆಯ ಮಗುವಿಗೆ ದೀಕ್ಷಾಸ್ನಾನ (ಕ್ರೈಸ್ತರಾಗುವ ಸಂಸ್ಕಾರ) ಕೊಡಲು, ಪ್ರಾಣಾಪಾಯದ ಸಂದರ್ಭ ಬಿಟ್ಟರೆ, ತಾಯಿತಂದೆಯರಲ್ಲಿ ಒಬ್ಬರಾದರೂ ಒಪ್ಪಿರಲೇಬೇಕು. ಬುದ್ಧಿ ಬಂದವರಾದರೆ ಸ್ವತಃ ಬಯಸಿ, ಕಲಿತು, ಕಾದು ಪಡೆಯಬೇಕು. ಅಸೆಂಬ್ಲಿಯಲ್ಲಿ ಕೈಮುಗಿದು ನಿಂತ ಮಾತ್ರಕ್ಕೆ ಯಾರೂ ಕ್ರೈಸ್ತರಾಗುವುದಿಲ್ಲ. ಕುವೆಂಪು ಓದಿದ್ದು ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ. ಮುಂದೆ ಅವರು ನೆಲೆಸಿದ್ದು ರಾಮಕೃಷ್ಣ ಆಶ್ರಮದಲ್ಲಿ. 2024ರ ಏಪ್ರಿಲ್‌ನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿಯೇ ತನ್ನ ಶಾಲೆಗಳಿಗೆ ಸೂಚನೆ ಕೊಟ್ಟಿದೆ: ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಿ ಅಂತ. ಅಜ್ಜಿಗೆ ಇಷ್ಟು ಸಾಕು.

ಈಗ ನಿಮ್ಮ ನಿಜವಾದ ಅನುಮಾನಕ್ಕೆ ಬರೋಣ. ಕ್ರೈಸ್ತ ಶಾಲೆ ಅಂದಮೇಲೆ ಇಂಗ್ಲಿಷ್ ಅಲ್ಲವೇ, ಅದನ್ನೇ ಯಾಕೆ ಬರೆದಿಲ್ಲ? ಅಯ್ಯಾ, ಎಷ್ಟು ಸಲ ಹೇಳಲಿ!

ಇಂಗ್ಲಿಷ್ ಅವರ ನಂಬಿಕೆಯಲ್ಲಿ ಇಲ್ಲ, ಎಂದೂ ಇರಲಿಲ್ಲ. ಯೇಸು ಆಡಿದ್ದು ಅರಮೇಯಿಕ್ ಭಾಷೆ, ಶಿಷ್ಯರು ಬರೆದದ್ದು ಗ್ರೀಕ್. ನಮ್ಮೂರಿಗೆ ಮಿಷನರಿಗಳನ್ನು ಕಳಿಸಿದ ಪ್ರಾಟೆಸ್ಟಂಟ್ ಪರಂಪರೆ ಹುಟ್ಟಿದ್ದೇ ದೇವರ ಮಾತನ್ನು ಜನ ತಮ್ಮ ಮನೆಮಾತಿನಲ್ಲಿ ಓದಬೇಕು ಎಂಬ ಹಟದಿಂದ. ಆ ಪರಂಪರೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1522ರಲ್ಲಿ ಬೈಬಲಿನ ಹೊಸ ಒಡಂಬಡಿಕೆಯ ಭಾಗವನ್ನು ಜನರಾಡುವ ಜರ್ಮನ್ನಿಗೆ ತಂದ. 1524ರಲ್ಲಿ ಹುಡುಗರಿಗೂ ಹುಡುಗಿಯರಿಗೂ ಶಾಲೆ ತೆರೆಯಿರಿ ಅಂತ ಊರೂರಿನ ಆಡಳಿತದವರಿಗೆ ಕಾಗದ ಬರೆದ. ಓದಲು ಬಾರದವನಿಗೆ ಬೈಬಲ್ ಕೊಟ್ಟು ಏನು ಪ್ರಯೋಜನ? ಎಲ್ಲಿ ಚರ್ಚೋ ಅಲ್ಲಿ ಶಾಲೆ ಎಂಬುದರ ಒಳಗುಟ್ಟು ಇದು. ಅಂದಮೇಲೆ ಆ ಶಾಲೆ ಊರಿನವರ ಭಾಷೆಯಲ್ಲೇ ಇರಬೇಕಾಯಿತು.

ನಮ್ಮಲ್ಲಿ ನಡೆದದ್ದೂ ಅದೇ. ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತಂದದ್ದು ಕನ್ನಡ ಪತ್ರಿಕೋದ್ಯಮದ ಮೊದಲ ಪುಟ. ಅದೇ ಮೋಗ್ಲಿಂಗ್ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದ. ಕ್ರೈಸ್ತ ಪಾದ್ರಿ ದಾಸರ ಪದ ಅಚ್ಚು ಹಾಕಿಸಿದ್ದು, ನೆನಪಿರಲಿ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಆಯುಷ್ಯವನ್ನೇ ಸವೆಸಿ 1894ರಲ್ಲಿ ಹೊರತಂದ ನಿಘಂಟಿನಲ್ಲಿ ಸುಮಾರು 70,000 ಕನ್ನಡ ಪದಗಳಿವೆ. ಪಾಠಕ್ಕೆ ಮುಂಚೆ ಪದವೊಂದರ ಅರ್ಥದಲ್ಲಿ ಅನುಮಾನ ಬಂದರೆ ನಾನು ಸ್ಟಾಫ್ ರೂಮಿನ ಬೀರುವಿನಿಂದ ಎರಡೂ ಕೈಯಲ್ಲಿ ಎತ್ತಿ ತೆಗೆಯುತ್ತಿದ್ದದ್ದು ಆ ದಪ್ಪ ಪುಸ್ತಕವನ್ನೇ. ದೂರದ ಮಂಗಳೂರಿನ ಕಥೆ ಯಾಕೆ, ಮೈಸೂರಿನಲ್ಲೇ ವೆಸ್ಲಿಯನ್ ಮಿಷನ್ ತನ್ನ ಅಚ್ಚುಕೂಟದಿಂದ ‘ವೃತ್ತಾಂತ ಪತ್ರಿಕೆ’ ಅಂತ ಕನ್ನಡ ವಾರಪತ್ರಿಕೆ ನಡೆಸುತ್ತಿತ್ತು. ಮಿಷನರಿ ಅಪ್ಪನಿಗೆ ಬೆಂಗಳೂರಿನಲ್ಲಿ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸರ್ಕಾರದ ವಿದ್ಯಾ ಇಲಾಖೆಯಲ್ಲಿದ್ದು, ಮುಂದೆ ಸಾವಿರಾರು ಶಾಸನಗಳನ್ನು ಓದಿಸಿ ಪ್ರಕಟಿಸಿದರು. ಮಂಡ್ಯ ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೇ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣ ಸೀಮೆಯ ಶಾಸನಗಳು ಅವರ ಮೈಸೂರು ಜಿಲ್ಲೆಯ ಸಂಪುಟದಲ್ಲಿ ಸಿಗುತ್ತವೆ.

ಹಾಗಾದರೆ ಇಂಗ್ಲಿಷ್ ಎಲ್ಲಿಂದ ಬಂತು? ಮಿಷನರಿಗಳ ಪಾತ್ರ ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ಕಲ್ಕತ್ತೆಯಲ್ಲಿ 1830ರಲ್ಲಿ ಅಲೆಕ್ಸಾಂಡರ್ ಡಫ್ ಇಂಗ್ಲಿಷ್ ಶಾಲೆಯನ್ನೇ ತೆರೆದ, ಮೇಲುವರ್ಗದವರನ್ನು ಆ ದಾರಿಯಲ್ಲಿ ತಲುಪಬಹುದು ಅಂತ. ಆದರೆ ದಾರಿಯನ್ನು ಹೆದ್ದಾರಿ ಮಾಡಿದ್ದು ಸರ್ಕಾರ: 1835ರಲ್ಲಿ ಇಂಗ್ಲಿಷ್ ಶಿಕ್ಷಣವೇ ಬೇಕೆಂದ ಮೆಕಾಲೆಯ ಟಿಪ್ಪಣಿ, ಆಮೇಲೆ ವಿಶ್ವವಿದ್ಯಾಲಯದ ಪರೀಕ್ಷೆ, ಅದರ ಹಿಂದೆ ಗುಮಾಸ್ತಿಕೆ. ಮಿಷನ್ ಹೈಸ್ಕೂಲುಗಳೂ ಪರೀಕ್ಷೆಗೆ ತಕ್ಕಂತೆ ಮೇಲಿನ ತರಗತಿಗಳಲ್ಲಿ ಇಂಗ್ಲಿಷಿಗೆ ತಿರುಗಿದವು. ಉಳಿದದ್ದನ್ನು ಮಾಡಿದವರು ನಾವೇ, ಪೋಷಕರು. ಪ್ರಾಥಮಿಕ ಶಾಲೆ ಕನ್ನಡದಲ್ಲೇ ಇರಲಿ ಅಂತ ರಾಜ್ಯ ಸರ್ಕಾರ 1994ರಲ್ಲಿ ಆದೇಶ ಮಾಡಿತು. ಅದರ ವಿರುದ್ಧ ಕೋರ್ಟಿಗೆ ಹೋದವರು ಬರೀ ಪಾದ್ರಿಗಳೇ? ಎಲ್ಲ ಜಾತಿಯ, ಎಲ್ಲ ಮಠದ, ಎಲ್ಲ ಟ್ರಸ್ಟಿನ ಇಂಗ್ಲಿಷ್ ಶಾಲೆಗಳವರೂ ಅದೇ ದೋಣಿಯಲ್ಲಿದ್ದರು. 2014ರ ಮೇ 6ರಂದು ಸುಪ್ರೀಂ ಕೋರ್ಟು, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಮಗುವಿನ ಪರವಾಗಿ ತಂದೆತಾಯಿಯದು ಅಂತ ತೀರ್ಪಿತ್ತಿತು. ಆಯ್ಕೆ ನಿಮ್ಮದೇ ಅಂದಮೇಲೆ ಅದನ್ನು ಅವರ ಧರ್ಮದ ತಲೆಗೆ ಕಟ್ಟಬೇಡಿ.

ಅರ್ಜಿ ಕೊಡುವ ದಿನ ಕಚೇರಿ ಮುಂದೆ ಒಂದು ಗಳಿಗೆ ನಿಂತರೆ ಗೊತ್ತಾಗುತ್ತದೆ. ನಾನು ಕಂಡದ್ದು ಹೇಳುತ್ತೇನೆ. ಹಿರಿಯ ಸಿಸ್ಟರ್ ಒಬ್ಬರು ಮೇಜಿನ ಈ ಕಡೆಗೇ ಬಂದು, ಎರಡು ಜಡೆಯ ಹುಡುಗಿಯ ಮುಂದೆ ಬಗ್ಗಿ, “ತಿಂಡಿ ಏನು ತಿಂದ್ಯವ್ವ?” ಅಂದರು. ಅದು ಮುಖ ಅರಳಿಸಿ “ತಟ್ಟೆ ಇಡ್ಲಿ, ಚಟ್ನಿ” ಅಂತ ಶುರುಮಾಡಿತ್ತು ಅಷ್ಟೇ, ಅಪ್ಪ ಹಿಂದಿನಿಂದ ಭುಜ ತಿವಿದು, “ಇಂಗ್ಲಿಷಲ್ಲಿ ಹೇಳಮ್ಮ, ಹೇಳ್ಕೊಟ್ಟಿದ್ನಲ್ಲ!” ಮಗು ಬಾಯಿ ಮುಚ್ಚಿತು. ಸಿಸ್ಟರ್ ಎಷ್ಟು ಪುಸಲಾಯಿಸಿದರೂ ಮತ್ತೆ ತೆರೆಯಲಿಲ್ಲ. ಹೊರಗೆ ಬಂದ ಮೇಲೆ ಆ ಮನುಷ್ಯ ಹೆಂಡತಿಗೆ ಹೇಳಿದ್ದು: “ಈ ಶಾಲೆ ಯಾಕೋ ಡೌಟು ಕಣೇ, ಆಯಮ್ಮ ಕನ್ನಡದಲ್ಲಿ ಮಾತಾಡ್ತಾಳೆ.”

ಇನ್ನು ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳು ಇವೆಯಲ್ಲ ಅಂತೀರಿ. ಇವೆ, ಕ್ರೈಸ್ತ ಆಡಳಿತದಲ್ಲೂ ಇವೆ, ಬೇರೆಯವರ ಆಡಳಿತದಲ್ಲೂ ಇವೆ. ದಂಡ ಹಾಕಿ ಅಂತ ಬೈಬಲಿನ ಯಾವ ಅಧ್ಯಾಯದಲ್ಲಿದೆ ತೋರಿಸಲಿ, ನಾನು ಪೆನ್ಷನ್ ಬಿಟ್ಟುಕೊಡುತ್ತೇನೆ. ಅದು ಮಾರುಕಟ್ಟೆಯ ನಿಯಮ.

ಇಷ್ಟಾದ ಮೇಲೆ ಯಾರೂ ಕೇಳದ ಇನ್ನೊಂದು ವಿಷಯ ಬಾಯಿಗೆ ಬಂತು, ಹೇಳಿಬಿಡುತ್ತೇನೆ: ಬೆತ್ತ. “ಅಲ್ಲಿ ಸ್ಟ್ರಿಕ್ಟು ಸಾರ್, ಚೆನ್ನಾಗಿ ಬಾರಿಸ್ತಾರೆ” ಅಂತ ಮಂಡ್ಯ ಕಡೆಯ ಅಪ್ಪಂದಿರು ಹೊಗಳುವುದನ್ನು ಕೇಳಿದ್ದೇನೆ. ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರು ಎಂಬ ಅರ್ಥದ ಮಾತು ಬೈಬಲಿನ ಜ್ಞಾನೋಕ್ತಿಯಲ್ಲಿ ಇರುವುದು ನಿಜ. ಹಳೆಯ ಮೇಷ್ಟ್ರುಗಳು ಅದೊಂದನ್ನೇ ಬಾಯಿಪಾಠ ಮಾಡಿಕೊಂಡಿದ್ದರು. ಆದರೆ ಅದೇ ಪರಂಪರೆಯಲ್ಲಿ ಇಟಲಿಯ ಟ್ಯೂರಿನ್ನಿನ ಡಾನ್ ಬಾಸ್ಕೊ ಅಂತ ಒಬ್ಬ ಪಾದ್ರಿ, ಬೀದಿಯ ಹುಡುಗರನ್ನು ಕಟ್ಟಿಕೊಂಡು ಏಗಿದವರು, 1877ರಲ್ಲಿ ತಮ್ಮ ಪದ್ಧತಿಯನ್ನು ಬರೆದಿಟ್ಟರು. ವಿವೇಚನೆ, ಧರ್ಮ, ಅಕ್ಕರೆ, ಇವು ಮೂರು ಸಾಕು. ತಪ್ಪಾದ ಮೇಲೆ ಹೊಡೆಯುವುದಕ್ಕಿಂತ ತಪ್ಪಾಗದಂತೆ ಹುಡುಗರ ಜೊತೆಗೇ ಇರಿ, ಆಟದ ಮೈದಾನದಲ್ಲೂ ಇರಿ ಅಂತ. ಮಧ್ಯಾಹ್ನದ ಬಿಡುವಿನಲ್ಲಿ ಮೇಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾರೋ ಮೈದಾನದಲ್ಲಿ ನಿಂತಿರುತ್ತಾರೋ ನೋಡಿ. ಯಾವ ಶಾಲೆ ತನ್ನ ಹಾಳೆಯಲ್ಲಿ ಬರೆದದ್ದನ್ನು ನಂಬುತ್ತದೆ ಅಂತ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಸಹಿ ಹಾಕುವ ಮುಂಚೆ ಶಾಲೆ ಯಾರದು ಅಂತ ವಿಚಾರಿಸಿ. ಮೈಸೂರು ಕ್ಯಾಥೊಲಿಕ್ ಧರ್ಮಕ್ಷೇತ್ರದ್ದೋ (ನಿಮ್ಮ ಮಂಡ್ಯ ಜಿಲ್ಲೆಯೂ ಅದರೊಳಗೇ ಬರುತ್ತದೆ), ಯಾವುದಾದರೂ ಸನ್ಯಾಸಿನಿಯರ ಸಭೆಯದೋ, 1947ರಲ್ಲಿ ಹಲವು ಪ್ರಾಟೆಸ್ಟಂಟ್ ಚರ್ಚುಗಳು ಕೂಡಿ ಆದ ಸಿಎಸ್‌ಐನದೋ (ಚರ್ಚ್ ಆಫ್ ಸೌತ್ ಇಂಡಿಯಾ), ಇತ್ತೀಚೆಗೆ ಖಾಸಗಿ ಪಾಸ್ಟರ್ ಟ್ರಸ್ಟು ಶುರುಮಾಡಿದ್ದೋ. ನಂಬಿಕೆಯ ಹಾಳೆ ಒಂದೊಂದರದು ಒಂದೊಂದು ಬಿಗಿ. ‘ಓದಿ ತಿಳಿದುಕೊಂಡಿದ್ದೇನೆ’ ಅಂತಿದ್ದರೆ ಸಹಿ ಹಾಕಿ, ತೊಂದರೆಯಿಲ್ಲ. ‘ಧಾರ್ಮಿಕ ಬೋಧನೆಗೆ ಒಪ್ಪಿದ್ದೇನೆ’ ಅಂತಿದ್ದರೆ ಅದು 28ನೇ ವಿಧಿ ಹೇಳುವ ಒಪ್ಪಿಗೆ. ಬೇಡವೆನಿಸಿದರೆ ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ ಕೊಡಿ, ಒಂದು ಪ್ರತಿ ನೀವೂ ಇಟ್ಟುಕೊಳ್ಳಿ. ಕನ್ನಡ ಪ್ರಥಮ ಭಾಷೆಯೋ ದ್ವಿತೀಯವೋ, ವಾರಕ್ಕೆ ಎಷ್ಟು ಪಿರಿಯಡ್ಡು, ಪಾಠ ಮಾಡುವವರು ಕನ್ನಡ ಓದಿದವರೇ ಅಂತಲೂ ಕೇಳಿ. ಮಗಳಿಗೆ ಮಾತ್ರ ಮೊದಲೇ ಏನೂ ಹೇಳಿಕೊಟ್ಟು ಕರೆದುಕೊಂಡು ಹೋಗಬೇಡಿ.