ಮುಚ್ಚಿದ ರೈಲು ಮಾರ್ಗದಲ್ಲಿ ಉದ್ಯಾನ ಮೊದಲೋ, ಟ್ರಾಮ್ ಮೊದಲೋ?

ರೈಲು ಸಂಚಾರ ನಿಂತು ಹಳಿಯ ಕಬ್ಬಿಣವೆಲ್ಲ ಗುಜರಿಗೆ ಹೋದ ಮೇಲೂ ನಗರದೊಳಗಿನ ಒಂದು ಮಾರ್ಗಕ್ಕೆ ಬೆಲೆ ಉಳಿದಿರುತ್ತದೆ. ಎಲ್ಲೂ ತುಂಡಾಗದೆ ಮೈಲುಗಟ್ಟಲೆ ಸಾಗುವ ಅಷ್ಟು ನೆಲವನ್ನು ಇಂದು ಯಾವ ಪಾಲಿಕೆಯೂ ಹೊಸದಾಗಿ ಸ್ವಾಧೀನಪಡಿಸಿಕೊಳ್ಳಲಾರದು. ಉಗಿಬಂಡಿಗಳು ಕಡಿದಾದ ಏರು ಹತ್ತಲಾರವೆಂದು ಹಿಂದಿನ ಎಂಜಿನಿಯರುಗಳು ದಿಬ್ಬ ಕಡಿದು, ತಗ್ಗು ತುಂಬಿಸಿ, ನೂರು ಅಡಿಗೆ ಹೆಚ್ಚೆಂದರೆ ಒಂದೆರಡು ಅಡಿ ಏರುವಂತೆ ಮಾರ್ಗ ಹಾಕಿದ್ದರು. ಆ ಸೌಮ್ಯವಾದ ಇಳಿಜಾರು ಗಾಲಿಕುರ್ಚಿಗೂ ಸೈಕಲ್ಲಿಗೂ ಟ್ರಾಮಿಗೂ ಸಮಾನವಾಗಿ ಒಪ್ಪುತ್ತದೆಯಾದ್ದರಿಂದ ಒಂದೇ ಜಾಗಕ್ಕೆ ಉದ್ಯಾನ ಮತ್ತು ಟ್ರಾಮ್ ಎಂಬ ಇಬ್ಬರು ಹಕ್ಕುದಾರರು ಹುಟ್ಟಿಕೊಳ್ಳುತ್ತಾರೆ.

ಅಮೆರಿಕದ ಅಟ್ಲಾಂಟಾದಲ್ಲಿ ಅಂತರ್ಯುದ್ಧದ ನಂತರದ ದಶಕಗಳಲ್ಲಿ ನಗರದ ಸುತ್ತ ಹಾಕಿದ್ದ ಸರಕು ಸಾಗಣೆಯ ಮಾರ್ಗಗಳನ್ನು ಜೋಡಿಸಿದರೆ ಸುಮಾರು 35 ಕಿಲೋಮೀಟರಿನ ಒಂದು ಉಂಗುರವಾಗುತ್ತದೆ. ಅದರ ಮೇಲೆ ಟ್ರಾಮ್ ಓಡಿಸಬಹುದೆಂದು 1999ರಲ್ಲಿ ರಯಾನ್ ಗ್ರಾವೆಲ್ ಎಂಬ ವಿದ್ಯಾರ್ಥಿ ಜಾರ್ಜಿಯಾ ಟೆಕ್‌ನ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಸೂಚಿಸಿದರು. ಕಾಲುದಾರಿ ಮತ್ತು ಉದ್ಯಾನಗಳು ಅನಂತರ ಸೇರಿಕೊಂಡವು. ಇದೇ ಇಂದಿನ ಬೆಲ್ಟ್‌ಲೈನ್. ಆದರೆ ಕಟ್ಟುವಾಗ ಕ್ರಮ ತಲೆಕೆಳಗಾಯಿತು: ಪೂರ್ವ ಭಾಗದ ಕಾಲುದಾರಿ 2012ರಲ್ಲೇ ತೆರೆದುಕೊಂಡಿತು, ಟ್ರಾಮ್ ಬರಲಿಲ್ಲ. ಸಾರಿಗೆ ವಿಸ್ತರಣೆಗೆಂದು ಮಾರಾಟ ತೆರಿಗೆಯನ್ನು ಡಾಲರಿಗೆ ಅರ್ಧ ಸೆಂಟ್ ಏರಿಸಲು ನಗರದ ಮತದಾರರು 2016ರಲ್ಲಿ ಒಪ್ಪಿದ್ದರೂ, ಪೂರ್ವ ಭಾಗಕ್ಕೆ ಟ್ರಾಮ್ ವಿಸ್ತರಿಸುವ ಯೋಜನೆಗೆ ಕೊಟ್ಟಿದ್ದ ಬೆಂಬಲವನ್ನು ಮೇಯರ್ ಆಡಳಿತ 2025ರಲ್ಲಿ ಹಿಂತೆಗೆದುಕೊಂಡಿತು.

ಜಾಗವಿರಲಿಲ್ಲವೆಂದು ಇದಾದದ್ದಲ್ಲ. 14 ಅಡಿ ಅಗಲದ ಕಾಂಕ್ರೀಟ್ ದಾರಿಯನ್ನು ಬೇಕೆಂದೇ ಒಂದು ಬದಿಗೆ ಸರಿಸಿ, ಪಕ್ಕದ ಪಟ್ಟಿಯನ್ನು ಹಳಿಗಾಗಿ ಬಿಟ್ಟಿದ್ದರು. ಜೋಡಿ ಹಳಿಯ ಟ್ರಾಮಿಗೆ, ನಿಲ್ದಾಣದ ಕಟ್ಟೆ ಬಿಟ್ಟರೆ, ಏಳೆಂಟು ಮೀಟರ್ ಸಾಕು. ಆದರೆ ಖಾಲಿ ಬಿಟ್ಟ ಪಟ್ಟಿಯಲ್ಲಿ ಹುಲ್ಲು ಬೆಳೆಯಿತು, ಗಿಡಗಳು ಬಂದವು, ದಾರಿಯ ಮಗ್ಗುಲಿಗೆ ಹೋಟೆಲುಗಳೂ ವಸತಿ ಕಟ್ಟಡಗಳೂ ಮುಖ ಮಾಡಿ ನಿಂತವು. ನಕ್ಷೆಯಲ್ಲಿ ಕಾಯ್ದಿರಿಸಿದ ಜಾಗ ನೆಲದ ಮೇಲೆ ಉದ್ಯಾನವೇ ಆಗಿಹೋಯಿತು. ಟ್ರಾಮ್ ಎಂದರೆ ಈಗ ಅಲ್ಲಿಯವರಿಗೆ ತಮ್ಮ ಉದ್ಯಾನಕ್ಕೆ ನುಗ್ಗುವ ವಾಹನ. ಅವರನ್ನು ದೂರುವುದು ನನಗೆ ಸರಿಕಾಣದು, ಏಕೆಂದರೆ ಅಲ್ಲಿ ಹಳಿ ಬರಲಿದೆಯೆಂಬುದಕ್ಕೆ ಕಣ್ಣಿಗೆ ಕಾಣುವ ಒಂದು ಗುರುತನ್ನೂ ಯಾರೂ ನೆಟ್ಟಿರಲಿಲ್ಲ.

ಸಿಡ್ನಿಯಲ್ಲಿ ನಡೆದದ್ದು ಇದರ ತಿರುವುಮುರುವು. ಅಲ್ಲಿನ ರೊಜೆಲ್ ಗೂಡ್ಸ್ ಮಾರ್ಗದಲ್ಲಿ 1997ರಲ್ಲಿ ಆರಂಭವಾದ ಲಘು ರೈಲು, ಅಂದರೆ ಟ್ರಾಮ್, 2000ದಲ್ಲಿ ಲಿಲಿಫೀಲ್ಡ್‌ಗೂ 2014ರಲ್ಲಿ ಡಲ್ವಿಚ್ ಹಿಲ್‌ಗೂ ಮುಟ್ಟಿತು. ಕೊನೆಯ ವಿಸ್ತರಣೆಯ ಜೊತೆಗೇ ಆಗಬೇಕಿದ್ದ ಗ್ರೀನ್‌ವೇ ಎಂಬ ನಡಿಗೆ ಮತ್ತು ಸೈಕಲ್ ದಾರಿಯನ್ನು ರಾಜ್ಯ ಸರ್ಕಾರ 2011ರಲ್ಲಿ ಮುಂದೂಡಿದ್ದರಿಂದ ಅದು ಹಲವು ವರ್ಷ ಹಿಂದೆ ಬಿತ್ತು. ಆದರೂ ನನ್ನ ಮಟ್ಟಿಗೆ ಈ ಸರದಿಯೇ ವಾಸಿ: ಓಡುವ ಟ್ರಾಮಿನ ಪಕ್ಕದಲ್ಲಿ ದಾರಿ ಕೇಳುವವರಿಗೆ ವಿರೋಧಿಗಳು ಕಡಿಮೆ, ಉದ್ಯಾನದ ನಡುವೆ ಹಳಿ ಕೇಳುವವರಿಗೆ ಹೆಚ್ಚು.

ಕಾನೂನು ಇಲ್ಲಿ ಅರ್ಧ ದಾರಿಯಷ್ಟೇ ಜೊತೆ ಬರುತ್ತದೆ. ಅಮೆರಿಕದಲ್ಲಿ ಎಷ್ಟೋ ಕಡೆ ಕಂಪನಿಗಿದ್ದದ್ದು ರೈಲು ಓಡಿಸುವ ಹಕ್ಕು ಮಾತ್ರ. ಮಾರ್ಗ ಮುಚ್ಚಿದೊಡನೆ ನೆಲ ಅಕ್ಕಪಕ್ಕದ ಮಾಲೀಕರಿಗೆ ಮರಳುತ್ತಿತ್ತು. ಮುಂದೊಂದು ದಿನ ರೈಲಿಗೆ ಬೇಕಾದೀತೆಂದು ಮಾರ್ಗವನ್ನು ಕಾಯ್ದಿಟ್ಟು, ಅಲ್ಲಿಯವರೆಗೆ ಕಾಲುದಾರಿಯಾಗಿ ಬಳಸಲು ಅಲ್ಲಿನ ರಾಷ್ಟ್ರೀಯ ಕಾಲುದಾರಿ ಕಾಯ್ದೆಗೆ 1983ರಲ್ಲಿ ತಂದ ತಿದ್ದುಪಡಿ ಅವಕಾಶ ಕೊಟ್ಟಿತು. 1990ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೀಗೆ ಉಳಿಸಿದ ಕಾಲುದಾರಿ ಶಾಸನದ ಪ್ರಕಾರ ತಾತ್ಕಾಲಿಕ, ದಿನವೂ ನಡೆಯುವವರ ಪಾಲಿಗೆ ಕಾಯಂ. ನಮ್ಮಲ್ಲಿ ರೈಲ್ವೆ ಭೂಮಿ ಬಹುಪಾಲು ಕೇಂದ್ರ ಸರ್ಕಾರದ್ದೇ ಆದ್ದರಿಂದ ಈ ತೊಡಕಿಲ್ಲ. ಆದರೆ ಖಾಲಿ ಜಾಗವನ್ನು ವಾಣಿಜ್ಯ ಬಳಕೆಗೆ ಒದಗಿಸಲೆಂದೇ ರೈಲ್ವೆಗೆ ಒಂದು ಶಾಸನಬದ್ಧ ಪ್ರಾಧಿಕಾರವಿದೆಯೆಂಬುದನ್ನು ಮರೆಯುವಂತಿಲ್ಲ.

ಹಾಗಾಗಿ ಎರಡೂ ಬೇಕೆನ್ನುವ ನಗರಗಳು ಉದ್ಯಾನದ ಮೊದಲ ಗುತ್ತಿಗೆಯಲ್ಲೇ ಟ್ರಾಮಿನ ಕೆಲಸವನ್ನೂ ಸೇರಿಸಬೇಕು. ಚರಂಡಿ, ನೀರಿನ ಕೊಳವೆ, ಕೇಬಲ್‌ಗಳನ್ನು ಹಳಿಯ ಪಟ್ಟಿಯ ಹೊರಗೆ ಹಾಕಬೇಕು. ಆ ಪಟ್ಟಿಯಲ್ಲಿ ಹುಲ್ಲಿಗೆ ಅವಕಾಶವಿರಲಿ, ಮರಕ್ಕೆ ಬೇಡ. ಹಳೆಯ ಸೇತುವೆಯನ್ನು ದುರಸ್ತಿ ಮಾಡುವಾಗ ಪಾದಚಾರಿಗಳ ಭಾರಕ್ಕಷ್ಟೇ ಲೆಕ್ಕ ಹಾಕಿ ಕೈತೊಳೆದುಕೊಳ್ಳದೆ, ಟ್ರಾಮಿನ ಭಾರಕ್ಕೂ ಹಿಡಿಯಬೇಕು. ಸಾಧ್ಯವಾದರೆ ನಿಲ್ದಾಣ ಬರುವೆಡೆ ಕಟ್ಟೆಯನ್ನು ಕಟ್ಟಿಯೇಬಿಟ್ಟು, ಟ್ರಾಮ್ ಬರುವವರೆಗೆ ಜನ ಕೂರಲು ಬಿಡಬಹುದು.