ಕ್ಯಾಟಮರಾನ್ ಕಲಿಯುವವರು ಮೊದಲು ಹಗ್ಗ ಬಿಡುವುದನ್ನು ಕಲಿಯಲಿ

ಕಾರವಾರದ ಕಡಲತೀರದಲ್ಲಿ ನಾನು ನಡೆಸುವ ಹಾಯಿದೋಣಿ ತರಬೇತಿಗೆ ಬರುವವರಲ್ಲಿ ಹೆಚ್ಚಿನವರು ಘಟ್ಟದ ಮೇಲಿನವರು. ಹುಬ್ಬಳ್ಳಿ–ಧಾರವಾಡದಲ್ಲಿ ನೌಕರಿ ಮಾಡುವವರು, ಗದಗ ಮತ್ತು ಹಾವೇರಿಯಿಂದ ಬರುವ ಕಾಲೇಜು ವಿದ್ಯಾರ್ಥಿಗಳು, ನಿವೃತ್ತಿಯ ನಂತರ ಹೊಸದೇನಾದರೂ ಕಲಿಯಬೇಕೆಂಬ ಉಮೇದಿನ ಒಬ್ಬಿಬ್ಬರು. ಎರಡು ಒಡಲುಗಳನ್ನು ಅಡ್ಡಪಟ್ಟಿಗಳಿಂದ ಜೋಡಿಸಿ, ನಡುವೆ ಬಿಗಿಯಾದ ಜಾಳಿಗೆಯನ್ನು ಹಾಸಿರುವ ಕ್ಯಾಟಮರಾನನ್ನು ಮೊದಲ ಬಾರಿಗೆ ಕಂಡಾಗ ಅವರು ಕೇಳುವ ಪ್ರಶ್ನೆ ಬಹುತೇಕ ಒಂದೇ: "ಸರ, ಇದು ಪಲ್ಟಿ ಆಗಂಗಿಲ್ಲ ಹೌದಲ್ರೀ?" ಆಗುತ್ತದೆ. ಅಷ್ಟೇ ಅಲ್ಲ, ಒಂದೇ ಒಡಲಿನ ಸಣ್ಣ ದೋಣಿಗಿಂತ ಕಡಿಮೆ ಮುನ್ಸೂಚನೆ ಕೊಟ್ಟು ಪಲ್ಟಿಯಾಗುತ್ತದೆ. ಹೊಸಬರಿಗೆ ಈ ದೋಣಿಯನ್ನು ಕಲಿಸುವ ಕ್ರಮವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿರಬೇಕು ಎಂಬುದು ನನ್ನ ಅಭಿಪ್ರಾಯ.

ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಒಂದೇ ಒಡಲಿನ ದೋಣಿ ಗಾಳಿ ಹೆಚ್ಚಿದಂತೆ ವಾಲುತ್ತದೆ. ಆ ವಾಲುವಿಕೆಯನ್ನು ಕಂಡು ಹೊಸಬರು ಹೆದರುತ್ತಾರೆ ನಿಜ, ಆದರೆ ಗಾಳಿ ಎಷ್ಟಿದೆ ಎಂಬುದನ್ನು ಅವರ ದೇಹಕ್ಕೆ ತಿಳಿಸುವುದೂ ಅದೇ ವಾಲುವಿಕೆ. ಪೃಷ್ಠ ಜಾರತೊಡಗಿದ ಕೂಡಲೇ ಮನುಷ್ಯ ತಾನಾಗಿಯೇ ಹಾಯಿಯನ್ನು ಸಡಿಲಿಸುತ್ತಾನೆ. ಕ್ಯಾಟಮರಾನ್ ಹಾಗೆ ವಾಲುವುದಿಲ್ಲ. ಗಾಳಿ ಏರಿದರೆ ಅದು ವೇಗವನ್ನು ಏರಿಸಿಕೊಳ್ಳುತ್ತದೆ, ಕುಳಿತವರಿಗೆ ಖುಷಿಯಾಗುತ್ತದೆ, ಏನೂ ಅಪಾಯವಿಲ್ಲವೆಂದು ತೋರುತ್ತದೆ. ಗಾಳಿ ಬರುವ ಮಗ್ಗುಲಿನ ಒಡಲು ನೀರಿನಿಂದ ಮೇಲೇಳುವ ಕ್ಷಣದಲ್ಲಿ ದೋಣಿಯ ತಡೆಯುವ ಶಕ್ತಿ ತನ್ನ ತುತ್ತತುದಿಯನ್ನು ಮುಟ್ಟಿರುತ್ತದೆ, ಏಕೆಂದರೆ ಆಗ ಇಡೀ ಭಾರವು ಇನ್ನೊಂದು ಒಡಲಿನ ಮೇಲೆ, ಸಿಗಬಹುದಾದ ಅತ್ಯಂತ ಹೆಚ್ಚಿನ ಅಂತರದಿಂದ ಕೆಲಸ ಮಾಡುತ್ತಿರುತ್ತದೆ. ಅಲ್ಲಿಂದ ಮುಂದೆ ಒಡಲು ಮೇಲೆದ್ದಷ್ಟೂ ಆ ಶಕ್ತಿ ಇಳಿಯುತ್ತ ಹೋಗುತ್ತದೆ. ಒಡಲು ಎದ್ದದ್ದನ್ನು ಕಂಡು ಬೆರಗಾಗಿ ಕೂತವರಿಗೆ ಉಳಿಯುವುದು ಕೆಲವೇ ಸೆಕೆಂಡು.

ಜಗತ್ತಿನಾದ್ಯಂತ ಕಡಲತೀರದ ತರಬೇತಿಗೆ ಬಹಳವಾಗಿ ಬಳಕೆಯಾಗಿರುವ ಹೋಬಿ 16 ಎಂಬ ದೋಣಿಯನ್ನೇ ನೋಡಿ. 1969ರ ಹೊತ್ತಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೋಬಿ ಆಲ್ಟರ್ ರೂಪಿಸಿದ ಈ ದೋಣಿಯ ಉದ್ದ ಸುಮಾರು 5 ಮೀಟರ್, ಅಗಲ 2.4 ಮೀಟರ್, ತೂಕ 145 ಕಿಲೋ, ಎರಡು ಹಾಯಿಗಳ ಒಟ್ಟು ವಿಸ್ತಾರ 20 ಚದರ ಮೀಟರಿನಷ್ಟು. ಅದರ ಮೇಲೆ ಕೂರುವ ಇಬ್ಬರ ತೂಕವೇ ದೋಣಿಯ ತೂಕದ ಹತ್ತಿರ ಹತ್ತಿರ ಬರುತ್ತದೆ. ಆದ್ದರಿಂದ ಕುಳಿತವರು ಒಂದಡಿ ಹಿಂದೆ ಸರಿದರೆ ದೋಣಿ ಬದಲಾಗುತ್ತದೆ, ಒಂದಡಿ ಮುಂದೆ ಸರಿದರೂ ಬದಲಾಗುತ್ತದೆ. ಮರಳಿನ ಮೇಲಿಂದ ನೇರವಾಗಿ ಅಲೆಗೆ ಇಳಿಸಲೆಂದೇ ಮಾಡಿದ್ದರಿಂದ ಇದಕ್ಕೆ ಕೆಳಗೆ ಇಳಿಬಿಡುವ ಹಲಗೆಯಿಲ್ಲ. ಒಡಲುಗಳ ಒಳಬದಿ ಮತ್ತು ಹೊರಬದಿಯ ಬಾಗು ಬೇರೆ ಬೇರೆಯಾಗಿದ್ದು, ದೋಣಿ ಪಕ್ಕಕ್ಕೆ ಜಾರದಂತೆ ಆ ಆಕಾರವೇ ತಡೆಯುತ್ತದೆ. ಚುಕ್ಕಾಣಿಗಳು ಎರಡು, ನೆಲ ತಾಗಿದರೆ ಎರಡೂ ಮೇಲಕ್ಕೆ ಮಡಚಿಕೊಳ್ಳುತ್ತವೆ.

ಇಷ್ಟು ತಿಳಿದ ಮೇಲೆ ಮೊದಲ ಪಾಠ ಯಾವುದಾಗಬೇಕು? ಅನೇಕ ಕಡೆ ಚುಕ್ಕಾಣಿಯಿಂದ ಆರಂಭಿಸುತ್ತಾರೆ. ನಾನು ಮುಖ್ಯ ಹಾಯಿಯ ಹಗ್ಗದಿಂದ, ಅಂದರೆ ಮೇನ್‌ಶೀಟಿನಿಂದ ಆರಂಭಿಸುತ್ತೇನೆ, ಅದನ್ನೂ ಕಡಲಿಗೆ ಇಳಿಯುವ ಮುಂಚೆ ಧಾರವಾಡದಲ್ಲೇ ಮಾಡಿಸುತ್ತೇನೆ. ಬೇವಿನ ಮರದ ಗಟ್ಟಿ ಕೊಂಬೆಗೆ ದೋಣಿಯದೇ ರಾಟೆಗಳನ್ನು ಕಟ್ಟಿ, ಕೆಳಗೆ ಮರಳಿನ ಚೀಲವನ್ನು ತೂಗಿಬಿಟ್ಟು, ಹಗ್ಗವನ್ನು ಹಲ್ಲಿನ ಹಿಡಿಕೆಯಲ್ಲಿ ಸಿಕ್ಕಿಸಿ ಕೊಡುತ್ತೇನೆ. ಈ ಹಿಡಿಕೆಯ ಎರಡು ಹಲ್ಲುದವಡೆಗಳು ಹಗ್ಗದ ಮೇಲೆ ಜಗ್ಗು ಬಿದ್ದಷ್ಟೂ ಬಿಗಿಯಾಗುತ್ತವೆ. ಬಿಡಿಸಬೇಕೆಂದರೆ ಹಗ್ಗವನ್ನು ಮೊದಲು ತುಸು ತನ್ನತ್ತ ಎಳೆದು, ಒಮ್ಮೆಲೇ ಮೇಲಕ್ಕೆ ಚಿಮ್ಮಬೇಕು. ಓದುವಾಗ ಇದು ಸುಲಭ. ಇನ್ನೊಂದು ಕೈಯಲ್ಲಿ ಚುಕ್ಕಾಣಿಯ ಕೋಲಿದ್ದು, ಸೀಟಿ ಊದಿದ ಕ್ಷಣಕ್ಕೆ ಬಿಡಿಸು ಎಂದರೆ ಹತ್ತರಲ್ಲಿ ಎಂಟು ಮಂದಿ ಹಗ್ಗವನ್ನು ಇನ್ನೂ ಗಟ್ಟಿಯಾಗಿ ಹಿಡಿದು ಎದೆಗೆ ಅವಚಿಕೊಳ್ಳುತ್ತಾರೆ. ಗಾಬರಿಯಾದಾಗ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವುದು ಮನುಷ್ಯನ ಸಹಜ ಸ್ವಭಾವ, ಕ್ಯಾಟಮರಾನಿನ ಮೇಲೆ ಅದೇ ಸ್ವಭಾವ ಪಲ್ಟಿಗೆ ಕಾರಣ. ಹಾವೇರಿ ಕಡೆಯ ಒಬ್ಬ ತರುಣ ಈ ಅಭ್ಯಾಸದ ನಡುವೆ ಕೇಳಿದ: "ಹಗ್ಗಾ ಪೂರ್ತಿ ಬಿಟ್ರ ದ್ವಾಣಿ ಎತ್ತಾಗರ ಓಡಿಹೋಗಂಗಿಲ್ಲೇನ್ರಿ ಸರ?" ಹೋಗುವುದಿಲ್ಲ. ಹಗ್ಗ ಬಿಟ್ಟರೆ ಹಾಯಿ ಪಟಪಟನೆ ಬಡಿದುಕೊಳ್ಳುತ್ತದೆ, ಭಾರಿ ಸದ್ದಾಗುತ್ತದೆ, ದೋಣಿಯ ವೇಗ ಇಳಿಯುತ್ತದೆ. ಆ ಸದ್ದಿಗೆ ಹೆದರದಿರುವುದು ಕೂಡ ಪಾಠದ ಭಾಗವೇ.

ಹಗ್ಗವನ್ನು ಬಿಡುವ ಬದಲು ಚುಕ್ಕಾಣಿಯನ್ನು ಝಾಡಿಸಿ ಪಾರಾಗಲು ನೋಡುವವರೂ ಇದ್ದಾರೆ. ವೇಗದಲ್ಲಿರುವ ದೋಣಿಯನ್ನು ಥಟ್ಟನೆ ಗಾಳಿಯ ಎದುರಿಗೆ ತಿರುಗಿಸಿದರೆ, ತಿರುವಿನ ರಭಸವೇ ಅದನ್ನು ಹೊರಮಗ್ಗುಲಿಗೆ ತಳ್ಳುತ್ತದೆ, ಎದ್ದ ಒಡಲು ಮತ್ತಷ್ಟು ಏಳುತ್ತದೆ. ಮೊದಲು ಹಗ್ಗ, ಆಮೇಲೆ ಚುಕ್ಕಾಣಿ. ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಗಾಳಿಯನ್ನು ಓದುವ ಪಾಠಕ್ಕೆ ಮಾತ್ರ ನಮ್ಮ ಕಡೆಯವರು ಕರಾವಳಿಯವರಿಗಿಂತ ಹಿಂದೆ ಬಿದ್ದಿಲ್ಲ. ಎರಿಭೂಮಿಯ ಕಣದಲ್ಲಿ ಜೋಳ, ಕಡಲೆ ತೂರಿದ ಮನೆತನದ ಹುಡುಗರಿಗೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿದರೆ ಕೆನ್ನೆ ತಿರುಗಿಸಿ ಹೇಳಿಬಿಡುತ್ತಾರೆ. ಉಳಿದವರಿಗೆ ಒಂದು ಅಭ್ಯಾಸ ಕೊಡುತ್ತೇನೆ. ಗದಗ ಜಿಲ್ಲೆಯಲ್ಲಿ ಓಡಾಡುವಾಗ ಗಾಳಿಯಂತ್ರಗಳ ರೆಕ್ಕೆಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂದು ನೋಡುತ್ತ ಹೋಗಬೇಕು. ಅವು ಗಾಳಿ ಬರುವ ದಿಕ್ಕಿಗೇ ಮುಖ ತಿರುಗಿಸಿ ನಿಲ್ಲುತ್ತವೆ. ಮುಂಗಾರಿನಲ್ಲಿ ಪಡುವಣಕ್ಕೆ ನಿಂತದ್ದು ಚಳಿಗಾಲದಲ್ಲಿ ಮೂಡಣದತ್ತ ಹೊರಳಿರುವುದು ಆಗ ಕಾಣುತ್ತದೆ.

ಆದರೆ ದೋಣಿ ಓಡತೊಡಗಿದ ಮೇಲೆ ಕೆನ್ನೆಗೆ ಬಡಿಯುವ ಗಾಳಿ ನಿಜವಾದ ಗಾಳಿಯಲ್ಲ. ಗಾಳಿಯೇ ಇಲ್ಲದ ದಿನ ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಬೈಕ್ ಓಡಿಸಿದರೂ ಮುಖಕ್ಕೆ ಎದುರುಗಾಳಿ ಹೊಡೆಯುವಂತೆ, ದೋಣಿಯ ವೇಗದಿಂದ ಹುಟ್ಟಿದ ಗಾಳಿಯೂ ನಿಜವಾದ ಗಾಳಿಯೂ ಕೂಡಿ ಒಂದು ತೋರಿಕೆಯ ಗಾಳಿಯಾಗುತ್ತದೆ, ಹಾಯಿಗೆ ಸಿಗುವುದು ಅದೇ. ಕ್ಯಾಟಮರಾನ್ ವೇಗದ ದೋಣಿಯಾದ್ದರಿಂದ ಈ ತೋರಿಕೆಯ ಗಾಳಿ ಬಹಳ ಮುಂದಕ್ಕೆ ಸರಿಯುತ್ತದೆ. ಹೊಸಬರು ಗಾಳಿಯೇ ತಿರುಗಿತೆಂದು ತಿಳಿದು ದಿಕ್ಕು ಬದಲಿಸುತ್ತಾರೆ, ವೇಗ ಸಾಯುತ್ತದೆ, ಗಾಳಿ ಮತ್ತೆ ಹಿಂದಕ್ಕೆ ಹೋದಂತೆ ಅನಿಸುತ್ತದೆ, ಮತ್ತೆ ತಿರುಗಿಸುತ್ತಾರೆ. ಇದಕ್ಕೆ ಪರಿಹಾರವಾಗಿ, ಹಾಯಿಯನ್ನು ಹೊತ್ತು ನಿಲ್ಲುವ ಕಂಬವಾದ ಕೂವೆಮರವನ್ನು ಹಿಡಿದಿರುವ ಪಕ್ಕದ ತಂತಿಗಳಿಗೆ ಹಳೆಯ ಕ್ಯಾಸೆಟ್ಟಿನ ಟೇಪನ್ನು ಗೇಣುದ್ದ ಕತ್ತರಿಸಿ ಕಟ್ಟುತ್ತೇವೆ; ಅದು ಹಾರುವುದನ್ನು ನೋಡಿದರೆ ತೋರಿಕೆಯ ಗಾಳಿಯ ದಿಕ್ಕು ತಿಳಿಯುತ್ತದೆ. ಹಗುರಾಗಿದ್ದು ನೀರು ಹಿಡಿಯದ ಅಂಥ ವಸ್ತು ಇನ್ನೊಂದು ನನಗೆ ಸಿಕ್ಕಿಲ್ಲ. ಕ್ಯಾಸೆಟ್ಟುಗಳು ಮನೆಗಳಿಂದ ಮಾಯವಾಗುತ್ತಿರುವುದೇ ಈಗಿನ ಚಿಂತೆ.

ಗಾಳಿಯ ಬಲದ ವಿಷಯದಲ್ಲಿ ಒಂದೇ ಲೆಕ್ಕ ನೆನಪಿಟ್ಟರೆ ಸಾಕು. ಹಾಯಿಯ ಮೇಲಿನ ಒತ್ತಡವು ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 10 ನಾಟ್ ಇದ್ದ ಗಾಳಿ 14 ನಾಟ್ ಆದರೆ ಒತ್ತಡ ಸರಿಸುಮಾರು ಇಮ್ಮಡಿ, 20 ಆದರೆ ನಾಲ್ಕು ಪಟ್ಟು. ಒಂದು ನಾಟ್ ಎಂದರೆ ತಾಸಿಗೆ 1.85 ಕಿಲೋಮೀಟರ್. ಕಡಲಿನ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಾಣುತ್ತಿದ್ದರೆ ಗಾಳಿ 10 ನಾಟಿನ ಆಸುಪಾಸಿನಲ್ಲಿದೆ, ಕಲಿಯುವವರಿಗೆ ಅದು ಗಡಿ. ಎಲ್ಲೆಡೆ ನೊರೆ ಎದ್ದಿದ್ದರೆ ಅಂದು ದಡದ ಪಾಠ ಮಾತ್ರ.

ಮಗ್ಗುಲು ಬದಲಿಸುವುದು, ಅಂದರೆ ಟ್ಯಾಕ್ ಮಾಡುವುದು, ಹೊಸಬರನ್ನು ಅತಿ ಹೆಚ್ಚು ಸತಾಯಿಸುವ ಕೆಲಸ. ಯಾವ ಹಾಯಿದೋಣಿಯೂ ನೇರ ಗಾಳಿಯ ಎದುರಿಗೆ ಹೋಗಲಾರದು. ಎರಡೂ ಕಡೆ ಸುಮಾರು 45 ಡಿಗ್ರಿಯಷ್ಟು ಜಾಗ ನಿಷಿದ್ಧ. ಗಾಳಿ ಬರುವ ಕಡೆಗೆ ಸಾಗಬೇಕಾದರೆ ಅಂಕುಡೊಂಕಾಗಿ, ದೋಣಿಯ ಮೂತಿಯನ್ನು ಗಾಳಿಯ ಆಚೆಗೆ ದಾಟಿಸುತ್ತ ಹೋಗಬೇಕು. ಕ್ಯಾಟಮರಾನ್ ಹಗುರವಾದ್ದರಿಂದ ದಾಟುವಾಗ ಅದರ ಓಟ ಬೇಗ ಸಾಯುತ್ತದೆ, ಉದ್ದನೆಯ ಎರಡು ಒಡಲುಗಳು ತಿರುವನ್ನು ತಡೆಯುತ್ತವೆ. ಹಾಗಾಗಿ ತಿರುಗಿಸುವ ಮುಂಚೆ ದೋಣಿಗೆ ಒಳ್ಳೆಯ ವೇಗವಿರಬೇಕು. ಚುಕ್ಕಾಣಿಯನ್ನು ಒಮ್ಮೆಲೇ ನೂಕಿದರೆ ಅದು ಬ್ರೇಕಿನ ಕೆಲಸ ಮಾಡುತ್ತದೆ, ನಿಧಾನವಾಗಿ ತಳ್ಳುತ್ತ ಹೋಗಬೇಕು. ಮೂತಿ ಗಾಳಿಗೆ ನೇರವಾದಾಗ ಮುಖ್ಯ ಹಾಯಿಯನ್ನು ಸಡಿಲಿಸಬೇಕು. ಮುಂದಿನ ಸಣ್ಣ ಹಾಯಿಯಾದ ಜಿಬ್ಬನ್ನು ಮಾತ್ರ ತಕ್ಷಣ ಬದಲಿಸದೆ, ಅದರ ಬೆನ್ನಿಗೆ ಗಾಳಿ ಬಡಿದು ಮೂತಿಯನ್ನು ಆಚೆಗೆ ತಳ್ಳುವ ತನಕ ಕಾಯಬೇಕು. ಇಷ್ಟಾಗಿಯೂ ದೋಣಿ ಗಾಳಿಯ ಎದುರಿಗೆ ನಿಂತುಬಿಟ್ಟರೆ ತುಸು ಹೊತ್ತಿನಲ್ಲಿ ಅದು ಹಿಂದಕ್ಕೆ ಸರಿಯತೊಡಗುತ್ತದೆ. ಹಿಂದಕ್ಕೆ ಹೋಗುವ ದೋಣಿಗೆ ಚುಕ್ಕಾಣಿ ಉಲ್ಟಾ ಕೆಲಸ ಮಾಡುತ್ತದೆ ಎಂಬುದನ್ನು ಅರಿತವರು ಹೊರಬರುತ್ತಾರೆ, ಅರಿಯದವರು ಅಲ್ಲೇ ತೂಗಾಡುತ್ತಾರೆ.

ಗಾಳಿ ಹಿಂಬದಿಯಿಂದ ಬರುವಾಗ ಅಪಾಯ ಬೇರೆ ಬಗೆಯದು. ಆಗ ಒಡಲು ಏಳುವ ಬದಲು ಗಾಳಿ ಹೋಗುವ ಮಗ್ಗುಲಿನ ಮೂತಿ ನೀರಿನೊಳಗೆ ತೂರಿಕೊಂಡು, ದೋಣಿ ಮುಗ್ಗರಿಸಿ, ಹಿಂಭಾಗ ಮೇಲಕ್ಕೆ ಚಿಮ್ಮುತ್ತದೆ. ಹೋಬಿ 16ರ ಮೂತಿಗಳು ಇದಕ್ಕೆ ಕುಖ್ಯಾತ. ಮೂತಿಯ ತುದಿ ನೀರಿಗೆ ಸಮವಾಗಿ ಕಂಡ ಕೂಡಲೇ ಇಬ್ಬರೂ ಹಿಂದಿನ ಅಡ್ಡಪಟ್ಟಿಯ ಕಡೆಗೆ ಸರಿಯಬೇಕು, ಹಗ್ಗ ಸಡಿಲಿಸಬೇಕು.

ಇನ್ನು ಪಲ್ಟಿ. ಅದನ್ನು ಬೇಕೆಂದೇ ಮಾಡಿಸಿ ಕಲಿಸುತ್ತೇನೆ. ಬಾವಿಯಲ್ಲಿ ಈಸು ಕಲಿತ ನಮ್ಮವರು ಧೈರ್ಯಸ್ಥರು, ಬಿದ್ದೊಡನೆ ದಡದತ್ತ ಈಸಲು ಹೊರಡುತ್ತಾರೆ. ಅದನ್ನೇ ಮೊದಲು ಬಿಡಿಸಬೇಕಾಗುತ್ತದೆ. ಮಗುಚಿದ ಕ್ಯಾಟಮರಾನಿನ ಜಾಳಿಗೆಗೆ ಗಾಳಿ ಬಡಿದು, ನೀವು ಈಸುವುದಕ್ಕಿಂತ ವೇಗವಾಗಿ ಅದು ತೇಲಿಹೋಗುತ್ತದೆ. ಜೀವರಕ್ಷಕ ಜಾಕೀಟು ಮೈಮೇಲಿರಲೇಬೇಕು, ಕೈಯಲ್ಲಿ ದೋಣಿಯ ಒಂದಾದರೂ ಹಗ್ಗವಿರಬೇಕು. ಎರಡೂ ಹಾಯಿಗಳ ಹಗ್ಗ ಬಿಡಿಸಿ, ದೋಣಿಯ ಮೂತಿಯನ್ನು ಗಾಳಿಯ ಕಡೆಗೆ ತಂದು, ಮೇಲಿನ ಒಡಲಿನ ಆಚೆಯಿಂದ ಬರುವ ಎತ್ತುಹಗ್ಗವನ್ನು ಹಿಡಿದು, ಕೆಳಗಿನ ಒಡಲಿನ ಮೇಲೆ ನಿಂತು ಇಬ್ಬರೂ ಬೆನ್ನನ್ನು ನೀರಿನ ಕಡೆಗೆ ಚೆಲ್ಲಿ ವಾಲಬೇಕು. ತೋಳಿನಿಂದ ಜಗ್ಗಿದರೆ ದಣಿವಷ್ಟೇ ಸಿಗುತ್ತದೆ, ಎತ್ತುವುದು ದೇಹದ ಭಾರ. ಹಾಯಿಯ ಅಡಿಗೆ ಗಾಳಿ ನುಗ್ಗಿದ ಮೇಲೆ ದೋಣಿ ತಾನೇ ಏಳುತ್ತದೆ, ಮೇಲಿನ ಒಡಲು ನಿಮ್ಮತ್ತಲೇ ಬೀಳುತ್ತದೆ. ಆ ಹೊತ್ತಿಗೆ ತಲೆ ಕಾಯ್ದುಕೊಂಡು ಮುಂದಿನ ಅಡ್ಡಪಟ್ಟಿಯನ್ನು ಹಿಡಿಯಬೇಕು.

ಉಣಕಲ್ ಕೆರೆಯಲ್ಲೇ ಕಲಿಸಬಾರದೇಕೆ ಎಂದು ಹುಬ್ಬಳ್ಳಿಯವರು ಕೇಳುತ್ತಿರುತ್ತಾರೆ. ಕೆರೆಯ ವಿಸ್ತಾರ ಸುಮಾರು 200 ಎಕರೆ. 15 ನಾಟ್ ವೇಗದಲ್ಲಿ ಓಡುವ ದೋಣಿ ಒಂದು ಕಿಲೋಮೀಟರನ್ನು ಎರಡು ನಿಮಿಷಕ್ಕೆ ತುಸು ಹೆಚ್ಚು ಹೊತ್ತಿನಲ್ಲಿ ಮುಗಿಸುತ್ತದೆ; ಕಲಿಯುವವರು ಹಗ್ಗ ಹೊಂದಿಸಿಕೊಳ್ಳುವಷ್ಟರಲ್ಲಿ ಆಚೆ ದಡ ಬಂದಿರುತ್ತದೆ. ದಡದ ಗಿಡಮರ, ಕಟ್ಟಡಗಳಿಂದ ಗಾಳಿ ಚೂರುಚೂರಾಗಿ ಬರುತ್ತದೆ, ಅಂತರಗಂಗೆ ಬೆಳೆದಾಗ ಚುಕ್ಕಾಣಿಗೆ ಸುತ್ತಿಕೊಳ್ಳುತ್ತದೆ. ಕಡಲೇ ವಾಸಿ, ಆದರೆ ವೇಳೆ ನೋಡಿ ಇಳಿಯಬೇಕು. ಕಾರವಾರದಲ್ಲಿ ಬಿಸಿಲೇರಿ ನೆಲ ಕಾದಂತೆ ಕಡಲಿನಿಂದ ಗಾಳಿ ಎದ್ದು, ಮಧ್ಯಾಹ್ನ ಬಲಗೊಳ್ಳುತ್ತದೆ. ನಸುಕಿನಲ್ಲಿ ಹುಬ್ಬಳ್ಳಿ ಬಿಟ್ಟು, ಯಲ್ಲಾಪುರದಲ್ಲಿ ನಾಷ್ಟಾ ಮುಗಿಸಿ, ಅರಬೈಲ್ ಘಟ್ಟ ಇಳಿದು ಬರುವವರು ಸರಿಯಾಗಿ ಆ ಗಾಳಿಯ ಹೊತ್ತಿಗೇ ತಲುಪುತ್ತಾರೆ, ಅದೂ ದಣಿದು. ಹಿಂದಿನ ರಾತ್ರಿಯೇ ಬಂದು ಉಳಿಯಿರಿ ಎಂದು ಹೇಳುವುದು ಅದಕ್ಕೆ. ಮುಂಜಾನೆಯ ನೆಲಗಾಳಿಯಲ್ಲೂ ಒಂದು ಮೋಸವಿದೆ: ದಡದಿಂದ ಬೀಸುವುದರಿಂದ ನೀರು ಕನ್ನಡಿಯಷ್ಟು ಸಮವಾಗಿರುತ್ತದೆ, ಆದರೆ ಏನಾದರೂ ಮುರಿದರೆ ಅದು ದೋಣಿಯನ್ನು ಒಯ್ಯುವುದು ಆಳ ಕಡಲಿಗೆ. ಹತ್ತಿರದಲ್ಲಿ ಯಂತ್ರದ ರಕ್ಷಣಾ ದೋಣಿ ಇಲ್ಲದೆ ಆ ಹೊತ್ತಿನಲ್ಲಿ ಇಳಿಯಕೂಡದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪಾಠವೇ ಇಲ್ಲ.

ದಡದ ಮೇಲಿನ ಒಂದು ಎಚ್ಚರವನ್ನು ಬಿಡುವಂತಿಲ್ಲ. ಕೂವೆಮರ 8 ಮೀಟರ್ ಎತ್ತರದ ಅಲ್ಯೂಮಿನಿಯಂ ಕೊಳವೆ. ಅದನ್ನು ನಿಲ್ಲಿಸುವ ಮುಂಚೆ, ನಿಲ್ಲಿಸಿದ ದೋಣಿಯನ್ನು ಗಾಲಿಯ ಮೇಲೆ ತಳ್ಳುವ ಮುಂಚೆ, ತಲೆಯೆತ್ತಿ ವಿದ್ಯುತ್ ತಂತಿ ಎಲ್ಲಿದೆ ಎಂದು ನೋಡಬೇಕು. ವಿದೇಶಗಳಲ್ಲಿ ಇದರಿಂದ ಸಾವುಗಳಾದ ಬಳಿಕ ತಯಾರಕರು ಕೂವೆಮರದ ಮೇಲ್ಭಾಗವನ್ನು ವಿದ್ಯುತ್ ಹರಿಯದ ವಸ್ತುವಿನಿಂದ ಮಾಡತೊಡಗಿದರು, ಆದರೆ ಕೆಳಗಿನ ಭಾಗ ಇಂದಿಗೂ ಲೋಹವೇ.

ತಂತಿಗೆ ಜೋತುಬಿದ್ದು ದೋಣಿಯ ಹೊರಗೆ ನಿಲ್ಲುವ ಟ್ರಾಪೀಸ್ ಯಾವಾಗ ಕಲಿಸುತ್ತೀರಿ ಎಂದು ತರುಣರು ಮೊದಲ ದಿನವೇ ಕೇಳುತ್ತಾರೆ, ಫೋಟೊ ಚೆನ್ನಾಗಿ ಬರುವುದು ಅದರಲ್ಲೇ. ನನ್ನ ಷರತ್ತು ಎರಡು. ಜೊತೆಗಾರನೊಂದಿಗೆ, ನನ್ನ ನೆರವಿಲ್ಲದೆ, ಮಗುಚಿದ ದೋಣಿಯನ್ನು ಎತ್ತಿ ನಿಲ್ಲಿಸಬೇಕು. ನೀರಿನಲ್ಲಿ ತೇಲುಬುರುಡೆಯೊಂದನ್ನು ಬಿಟ್ಟರೆ, ಹಗ್ಗ ಸಡಿಲಿಸುತ್ತ ಬಂದು, ಅದು ಕೈಗೆ ಸಿಗುವಷ್ಟು ಹತ್ತಿರದಲ್ಲಿ ದೋಣಿಯನ್ನು ನಿಲ್ಲಿಸಿ ತೋರಿಸಬೇಕು. ಎರಡನೆಯದು ಹೆಚ್ಚಿನವರಿಗೆ ಮೊದಲನೆಯದಕ್ಕಿಂತ ಬಹಳ ತಡವಾಗಿ ಬರುತ್ತದೆ.